ಎರೆ ಭೂಮಿಯಲ್ಲಿ ಕೋಳಿಯ ಮನೆಗೆ ತಕ್ಕ ನೆಲಗಟ್ಟು

ಕೋಳಿಯ ಮನೆಯನ್ನು ಹೊಸದಾಗಿ ಕಟ್ಟಿಸುವವರು ಮೇಲ್ಛಾವಣಿಗೂ ಜಾಲರಿಗೂ ಧಾರಾಳವಾಗಿ ವೆಚ್ಚಮಾಡಿ, ನೆಲದ ವಿಷಯದಲ್ಲಿ ಉದಾಸೀನರಾಗಿರುವುದು ಅನೇಕ ಕಡೆಗಳಲ್ಲಿ ಕಂಡುಬರುತ್ತದೆ. ಮಳೆಗಾಲದಲ್ಲಿ ಮರಿಗಳು ಸಾಯತೊಡಗಿದಾಗ ದೋಷವನ್ನು ಮೇವಿನ ಮೇಲೆ ಇಲ್ಲವೆ ತಳಿಯ ಮೇಲೆ ಹೊರಿಸುವರು. ಅನೇಕ ಸಲ ದೋಷವು ಮರಿಗಳ ಕಾಲಡಿಯಲ್ಲಿಯೇ ಇರುವುದು.

ಮರಿಗಳನ್ನು ಕೊಲ್ಲುವ ರೋಗಗಳಲ್ಲಿ ಕಾಕ್ಸಿಡಿಯೋಸಿಸ್ ಎಂಬ ರಕ್ತಭೇದಿಯು ಮುಖ್ಯವಾದುದು. ಇದರ ಸೂಕ್ಷ್ಮ ಅಂಡಗಳು ಹಿಕ್ಕೆಯೊಡನೆ ಹೊರಬೀಳುವಾಗ ನಿರಪಾಯಕಾರಿಗಳು; ತೇವ, ಶಾಖ, ಗಾಳಿ ಮೂರೂ ಕೂಡಿದಲ್ಲಿ ಒಂದೆರಡು ದಿನಗಳಲ್ಲಿಯೇ ರೋಗವನ್ನು ಹರಡಲು ಶಕ್ತವಾಗುವುವು. ಸಾಮಾನ್ಯ ಕ್ರಿಮಿನಾಶಕಗಳಿಗೆ ಇವು ಬಗ್ಗುವುದಿಲ್ಲ. ಶಾಖವನ್ನೂ ಗಾಳಿಯನ್ನೂ ತಡೆಯಲಾಗದು. ತೇವವನ್ನು ಮಾತ್ರ ತಡೆಯಬಹುದು. ಆದುದರಿಂದ ನೆಲವನ್ನು ಆರಿಸುವುದೆಂದರೆ ತೇವದ ದಾರಿಯನ್ನು ಮುಚ್ಚುವುದೇ ಸರಿ.

ಕುಪ್ಪೇಲೂರು ಸೇರಿದ ರಾಣೇಬೆನ್ನೂರು ತಾಲೂಕಿನಲ್ಲಿ ಎರೆ, ಮಸಾರಿ ಎಂಬ ಎರಡು ಬಗೆಯ ಭೂಮಿಗಳುಂಟು. ಸಾಧ್ಯವಿದ್ದಲ್ಲಿ ಎತ್ತರವಾದ ಮಸಾರಿ ಸ್ಥಳವನ್ನೇ ಆರಿಸತಕ್ಕದ್ದು. ಎರೆ ಮಣ್ಣು ಮಳೆಯಲ್ಲಿ ಉಬ್ಬಿ, ಬೇಸಗೆಯಲ್ಲಿ ಕುಗ್ಗಿ ಬಿರಿಯುವುದು. ಅದರ ಮೇಲೆ ನೇರವಾಗಿ ಹಾಕಿದ ಸಿಮೆಂಟು ಬಿರುಕುಬಿಡುವುದು; ಆ ಬಿರುಕುಗಳಲ್ಲಿ ತೇವವೂ ಇಲಿಗಳೂ ನೆಲೆಗೊಳ್ಳುವುವು. ಆದಕಾರಣ ಎರೆಯನ್ನು ಕನಿಷ್ಠ 2 ಅಡಿ ಆಳ ತೆಗೆದುಹಾಕಿ, ಗರಸನ್ನು ಅರ್ಧ ಅಡಿಯ ಪದರುಗಳಾಗಿ ತುಂಬಿ, ನೀರು ಚಿಮುಕಿಸಿ ದಿಮ್ಮಸಿನಿಂದ ಬಡಿಯಬೇಕು. ನೆಲವು ಸುತ್ತಲಿನ ಭೂಮಿಗಿಂತ ಒಂದೂವರೆ ಅಡಿ ಎತ್ತರವಾಗಿರಲಿ. ಈ ಕೆಲಸವು ರೋಹಿಣಿ ಮಳೆಗೆ ಮುಂಚಿತವಾಗಿ ಮುಗಿಯತಕ್ಕದ್ದು.

ಇದರ ಮೇಲಿನ ನೆಲಗಟ್ಟನ್ನು ಅವರವರ ಶಕ್ತ್ಯನುಸಾರ ಆರಿಸಬಹುದು. ಹತ್ತಿಪ್ಪತ್ತು ಕೋಳಿಗಳನ್ನು ಸಾಕುವ ಬಡ ಒಕ್ಕಲಿಗನಿಗೆ ಬಡಿದ ಗರಸಿನ ನೆಲವೇ ಸಾಕು. ಆದರೆ ಇಲಿ ತೋಡದಂತೆ ಗೋಡೆಯ ಬುಡಕ್ಕೆ ಕಲ್ಲು ಕೂಡಿಸಬೇಕು. ಫರಸಿ ಕಲ್ಲು ಬಾಳಿಕೆಯದು; ಅದರ ಸಂದುಗಳನ್ನು ಸಿಮೆಂಟಿನಿಂದ ಮುಚ್ಚದಿದ್ದರೆ ಪ್ರಯೋಜನವಿಲ್ಲ. ನೂರಾರು ಕೋಳಿಗಳಿಗೆ ಕಾಂಕ್ರೀಟು ಉತ್ತಮವು, ತೊಳೆಯಲು ಸುಲಭ. ಎರೆಯಲ್ಲಿ ಅದನ್ನು ಒಂದೇ ಹಾಸಾಗಿ ಹಾಕದೆ ಚೌಕಗಳಾಗಿ ಹಾಕಿ, ನಡುವಣ ಸಂದುಗಳಿಗೆ ಡಾಂಬರು ತುಂಬಬೇಕು. ಬಿದಿರಿನ ಪಟ್ಟಿಗಳ ಅಟ್ಟದ ನೆಲದಲ್ಲಿ ಹಿಕ್ಕೆಯು ಕೆಳಗೆ ಬೀಳುವುದರಿಂದ ತೇವದ ಭಯವು ಕಡಿಮೆ. ತಂತಿಯ ನೆಲವಾದರೋ ಗಿರಿರಾಜದಂತಹ ಭಾರವಾದ ಕೋಳಿಗಳ ಅಂಗಾಲಿನಲ್ಲಿ ಹುಣ್ಣು ತರಬಲ್ಲದು.

ಅಟ್ಟವನ್ನುಳಿದು ಯಾವ ನೆಲವಾದರೂ ಅದರ ಮೇಲೆ ಒಣ ಹಾಸು ಅವಶ್ಯವು. ಬತ್ತದ ಹೊಟ್ಟನ್ನಾಗಲಿ, ಒಡೆದ ಶೇಂಗಾ ಸಿಪ್ಪೆಯನ್ನಾಗಲಿ, ಪುಡಿಮಾಡಿದ ಗೋವಿನಜೋಳದ ದಿಂಡನ್ನಾಗಲಿ ಮೊದಲು 2-3 ಅಂಗುಲ ಹರಡಿ, ಕ್ರಮೇಣ 6 ಅಂಗುಲಕ್ಕೆ ಏರಿಸಿರಿ. ಬೂಸು ಹಿಡಿದುದನ್ನು ಎಂದಿಗೂ ಹಾಕಬಾರದು. ಅದರಿಂದ ಮರಿಗಳ ಶ್ವಾಸಕೋಶಕ್ಕೆ ಕೇಡು. ಮೊಟ್ಟೆಯ ಕೋಳಿಯೊಂದಕ್ಕೆ 2 ಚದರ ಅಡಿಯಷ್ಟಾದರೂ ಸ್ಥಳವಿರಲಿ. ವಾರಕ್ಕೆರಡು ಸಲ ಹಾಸನ್ನು ಕೆದಕಿ ತಿರುವಬೇಕು.

ಪರೀಕ್ಷೆಗೆ ಯಂತ್ರ ಬೇಡ. ಹಿಡಿ ಹಾಸನ್ನು ತಳದಿಂದ ತೆಗೆದು ಅಂಗೈಯಲ್ಲಿ ಅದುಮಿರಿ. ಉಂಡೆಯಾಗಿಯೇ ನಿಂತರೆ ತೇವ ಹೆಚ್ಚು. ಮೆಲ್ಲನೆ ಬಿಡಿಬಿಡಿಯಾದರೆ ಸರಿ. ಧೂಳಾಗಿ ಹಾರಿದರೆ ಅತಿಯಾಗಿ ಒಣಗಿದೆ. ಕಣ್ಣು ಉರಿಯುವ ಘಾಟು ಬಂದರೆ ತೇವದ ಹಾಸನ್ನು ತೆಗೆದು ಹೊಸದನ್ನು ಹಾಕಿರಿ. ಬಹುಶಃ ನೀರಿನ ಪಾತ್ರೆಯೇ ಸೋರುತ್ತಿರುವುದು, ಅದನ್ನೂ ನೋಡಿರಿ.

ಹಳೆಯ ಹಾಸು ವ್ಯರ್ಥವಲ್ಲ. ತಿಪ್ಪೆಗೊಬ್ಬರದಲ್ಲಿ ಸಾರಜನಕವು ಶೇಕಡಾ ಅರ್ಧದಷ್ಟಿದ್ದರೆ, ಇದರಲ್ಲಿ ಶೇಕಡಾ 3ರ ಸುಮಾರಿಗೆ ಇರುವುದು. ಚೆನ್ನಾಗಿ ಕಳಿಸಿ ಗೋವಿನಜೋಳಕ್ಕೂ ಮೆಣಸಿನಕಾಯಿಗೂ ಹಾಕಬಹುದು.

ಊರ ಹಿರಿಯರಲ್ಲಿಯೂ ಭೂಮಾಲೀಕರಲ್ಲಿಯೂ ವಿಜ್ಞಾಪನೆಯೇನೆಂದರೆ, ಗ್ರಾಮದಲ್ಲಿ ಕೋಳಿಯ ಮನೆಗೆ ಬುನಾದಿ ತೋಡುವಾಗ ತಾವು ಒಮ್ಮೆ ನಿಂತು ನೋಡಿರಿ. ಗರಸಿನ ನಾಲ್ಕು ಬಂಡಿಗಳನ್ನು ಉಳಿಸಹೋಗಿ ಮರಿಗಳ ತಂಡವನ್ನೇ ಕಳೆದುಕೊಳ್ಳುವುದು ಮಿತವ್ಯಯವಲ್ಲ.