ದಾದರ್ ಟಿಟಿ: ಹಳಿ ಮುಗಿದ ಜಾಗ

ಮುಂಬೈನ ದಾದರ್ ಪೂರ್ವದಲ್ಲಿ ನಗರ ಸಾರಿಗೆಯಾದ ಬೆಸ್ಟ್ ಬಸ್ಸಿನ ಕಂಡಕ್ಟರ್ ‘ಟಿಟಿ, ಟಿಟಿ’ ಎಂದು ಕೂಗಿದ್ದೇ ತಡ, ಅರ್ಧ ಬಸ್ಸು ಬಾಗಿಲ ಕಡೆ ಸರಿಯುತ್ತದೆ. ಪೂರ್ತಿ ಹೆಸರು ದಾದರ್ ಟ್ರಾಮ್ ಟರ್ಮಿನಸ್. ಇಲ್ಲಿಗೆ ಕಟ್ಟಕಡೆಯ ಟ್ರಾಮ್ ಬಂದು ನಿಂತದ್ದು 1964ರ ಮಾರ್ಚ್ 31ರ ರಾತ್ರಿ. ಆ ವರ್ಷ ಹುಟ್ಟಿದವರೂ ಈಗ ನೌಕರಿಯಿಂದ ನಿವೃತ್ತರು. ಈ ವೃತ್ತಕ್ಕೆ ಖೋದಾದಾದ್ ಸರ್ಕಲ್ ಎಂಬ ಹೆಸರೂ ಇದೆ. ಆದರೆ ಟ್ಯಾಕ್ಸಿಯವನಿಗೆ ಟಿಟಿ ಎಂದರೆ ಸಾಕು.

ಮುಂಬೈಗೆ ಟ್ರಾಮ್ ಬಂದದ್ದು 1874ರ ಮೇ 9ರಂದು. ಕೊಲಾಬಾದಿಂದ ಪಾಯಧುನಿಗೆ, ಬೋರಿಬಂದರಿನಿಂದ ಪಾಯಧುನಿಗೆ ಕುದುರೆಗಳು ಗಾಡಿ ಎಳೆಯುತ್ತಿದ್ದವು. ಬೇಸಿಗೆಯಲ್ಲಿ ಅವುಗಳ ತಲೆಗೆ ಬಿಸಿಲುಟೋಪಿ ಹಾಕುತ್ತಿದ್ದರಂತೆ. ಮೂರು ಆಣೆಯಿದ್ದ ದರ ಎರಡಕ್ಕಿಳಿದು, 1899ರ ಹೊತ್ತಿಗೆ ಒಂದೇ ಆಣೆಯಾಯಿತು. 1907ರ ಮೇ 7ರಂದು ವಿದ್ಯುತ್ ಟ್ರಾಮ್ ಓಡಿತು, 1920ರಲ್ಲಿ ಡಬಲ್ ಡೆಕ್ಕರ್ ಬಂತು.

ಟ್ರಾಮ್ ಬಂದ ಹೊಸದರಲ್ಲಿ ದಾದರ್ ಇನ್ನೂ ಊರಾಚೆಯ ಜಾಗ. ಅದರ ಹಣೆಬರಹ ಬದಲಾಯಿಸಿದ್ದು ಪ್ಲೇಗು. 1896ರಲ್ಲಿ ಆ ಮಾರಿ ಮುಂಬೈಗೆ ಬಂದಾಗ ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಜನ ಸತ್ತರು, ಬದುಕಿದವರು ಊರು ಬಿಟ್ಟರು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ದ್ವೀಪದ ಉತ್ತರಕ್ಕೆ, ದಾದರ್ ಮಾಟುಂಗಾಗಳಲ್ಲಿ, ಅಗಲ ರಸ್ತೆಗಳೂ ಮನೆಮನೆಗೆ ಗಾಳಿಯೂ ಇರುವ ಬಡಾವಣೆಯ ನಕ್ಷೆ ಎಳೆಯಿತು. ಇಂಜಿನಿಯರ್ ಮಂಚೇರ್‌ಜಿ ಜೋಶಿಯವರು ಬೆನ್ನುಹತ್ತಿ ಪಾರ್ಸಿಗಳಿಗಾಗಿ ನಿವೇಶನ ತೆಗೆಸಿಕೊಂಡರು. ಪಾರ್ಸಿ ಕಾಲೊನಿಯಲ್ಲಿ ಅವರ ಪ್ರತಿಮೆ ಇಂದಿಗೂ ಇದೆ. ಪಕ್ಕದಲ್ಲೇ ಹಿಂದೂ ಕಾಲೊನಿ ಬೆಳೆಯಿತು. ಬಾಬಾಸಾಹೇಬ ಅಂಬೇಡ್ಕರ್ ತಮ್ಮ ಪುಸ್ತಕರಾಶಿಗೆಂದೇ ವಿಸ್ತಾರವಾಗಿ ಕಟ್ಟಿಸಿದ ‘ರಾಜಗೃಹ’ ಇರುವುದು ಅಲ್ಲೇ. ಟಿಟಿಯನ್ನು ಹಾದುಹೋಗುವ ಹೆದ್ದಾರಿಗೂ ಈಗ ಅವರದೇ ಹೆಸರು.

ನಕ್ಷೆ ಎಷ್ಟು ಚೆಂದವಿದ್ದರೇನು, ಕೋಟೆ ಪ್ರದೇಶದ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವನು ದಿನಾ ಹೋಗಿಬರುವುದು ಹೇಗೆ? ಕೈಗೆಟಕುವ ದರದ ಟ್ರಾಮ್ ಆ ಪ್ರಶ್ನೆ ಬಿಡಿಸಿತು. ಟ್ರಸ್ಟಿನ ಹೆಸರು ಚರಿತ್ರೆಯಲ್ಲಿ ಬರುತ್ತದೆ. ಆದರೆ ದಾದರನ್ನು ನಿಜವಾಗಿ ಊರಿಗೆ ಸೇರಿಸಿದ್ದು ಈ ಹಳಿ ಎಂದು ನಾನು ದೃಢವಾಗಿ ನಂಬುತ್ತೇನೆ.

ಕನ್ನಡಿಗರಿಗೂ ಇದು ಪರವೂರಲ್ಲ. ಇಲ್ಲಿಂದ ಉತ್ತರಕ್ಕೆ ನಡೆಯುತ್ತ ಹೋದರೆ ಮಾಟುಂಗಾ. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಅಲ್ಲಿದೆ. ಕಿಂಗ್ಸ್ ಸರ್ಕಲ್‌ನಲ್ಲಿ 1936ರ ಕೆಫೆ ಮೈಸೂರು, 1940ರ ಕೆಫೆ ಮದ್ರಾಸ್. ಎರಡೂ ಕರಾವಳಿಯ ಕೈಗಳು ಕಟ್ಟಿದ ಹೋಟೆಲುಗಳು. ರಜೆಯ ದಿನ ಬೆಳಿಗ್ಗೆ ದೋಸೆಗಾಗಿ ಫುಟ್‌ಪಾತಿನ ಮೇಲೆ ಕಾಯುವ ಜನರಲ್ಲಿ ಕುಂದಾಪುರ ಕನ್ನಡವೂ ಕಿವಿಗೆ ಬೀಳುತ್ತದೆ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1947ರ ಆಗಸ್ಟ್ 7ರಂದು, ಟ್ರಾಮ್ ಬಸ್ಸು ವಿದ್ಯುತ್ತು ಮೂರೂ ನಗರಪಾಲಿಕೆಯ ಕೈಗೆ ಬಂದವು. ಅಷ್ಟರಲ್ಲಿ ಬಸ್ಸುಗಳ ಕಾಲ ಬಂದಿತ್ತು. ಎದುರಿಗೆ ಕೈಗಾಡಿ ಅಡ್ಡ ನಿಂತರೆ ಬಸ್ಸು ಪಕ್ಕಕ್ಕೆ ಹೊರಳೀತು, ಟ್ರಾಮಿಗೆ ಹಳಿ ಬಿಟ್ಟು ಗತಿಯಿಲ್ಲ. ಒಂದೊಂದೇ ಮಾರ್ಗ ಮುಚ್ಚುತ್ತ ಬಂದು ಉಳಿದದ್ದು ಬೋರಿಬಂದರು–ದಾದರ್. ಕಡೆಯ ರಾತ್ರಿ ಹತ್ತರ ಸುಮಾರಿಗೆ ಗಾಡಿ ಹೊರಟಾಗ ಕಾಲಿಡಲು ಜಾಗವಿರಲಿಲ್ಲ. ದಾರಿಯ ಎರಡೂ ಬದಿಯಲ್ಲಿ ಜನ ನಿಂತು ಬೀಳ್ಕೊಟ್ಟರು.

ಇಂದು ಟಿಟಿಯಲ್ಲಿ ಇಳಿದರೆ ಮೊದಲು ಕಾಣುವುದು ತಲೆಯ ಮೇಲಿನ ಫ್ಲೈಓವರ್. ಅದರ ನೆರಳಲ್ಲಿ ವೃತ್ತ ಕೊಂಚ ಮಬ್ಬು. ಆದರೂ ಒಂದು ಬದಿಗೆ ನಿಂತು ಕತ್ತೆತ್ತಿ ನೋಡಬೇಕು: ವೃತ್ತದ ಬಾಗಿಗೆ ತಕ್ಕಂತೆ ತಾವೂ ಬಾಗಿದ ಆರ್ಟ್ ಡೆಕೊ ಕಟ್ಟಡಗಳು, ದುಂಡು ಮೂಲೆಯ ಬಾಲ್ಕನಿಗಳು, ಅವುಗಳಲ್ಲಿ ಒಣಗುವ ಬಟ್ಟೆ. ಕೆಳಗೆ ಅಂಗಡಿ ಸಾಲು. ಹತ್ತಿರದಲ್ಲೇ ಏಷ್ಯಾಡ್ ಬಸ್ ನಿಲ್ದಾಣ, ‘ಪುಣೆ, ಪುಣೆ’ ಎಂಬ ಕರೆ. ಟ್ರಾಮ್ ಇಲ್ಲದೆಯೂ ಇದು ಇಳಿದು ಹತ್ತುವ ಜಾಗವಾಗಿಯೇ ಉಳಿದಿದೆ. ಮಾಟುಂಗಾದ ಕಡೆ ಮತ್ತೊಂದು ಫ್ಲೈಓವರ್‌ನ ಅಡಿ ನಾನಾಲಾಲ್ ಮೆಹ್ತಾ ಉದ್ಯಾನವಿದೆ. ವಾಹನ ನಿಲುಗಡೆಗೋ ಕಸಕ್ಕೋ ಹೋಗಬಹುದಾಗಿದ್ದ ನೆಲವನ್ನು ನಿವಾಸಿಗಳು ಹಟ ಹಿಡಿದು ಉಳಿಸಿಕೊಂಡರು. ನರ್ಮದಾ ನದಿಯ ಹರಿವಿನಂತೆ ಅಂಕುಡೊಂಕಾಗಿ ಸಾಗುವ ಅಲ್ಲಿನ ಕಾಲುಹಾದಿಯಲ್ಲಿ ಮುದುಕರು ಬೆಳಗಿನ ನಡಿಗೆ ಮಾಡುತ್ತಾರೆ.

ಆಣಿಕ್ ಡಿಪೋದಲ್ಲಿರುವ ಬೆಸ್ಟ್ ವಸ್ತುಸಂಗ್ರಹಾಲಯದಲ್ಲಿ ಟ್ರಾಮ್ ಕಾಲದ ಮಾದರಿಗಳನ್ನು ಜೋಪಾನ ಮಾಡಿದ್ದಾರೆ. ಅಂದಿನ ಬೋರಿಬಂದರು, ಇಂದಿನ ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರಿನ ಭಾಟಿಯಾ ಬಾಗ್‌ನಲ್ಲೂ ಜನ ನೋಡಲೆಂದು ಟ್ರಾಮ್ ಗಾಡಿಯೊಂದನ್ನು ತಂದು ನಿಲ್ಲಿಸಿದರು. ಕಡೆಯ ಗಾಡಿ ಹೊರಟ ತುದಿಗೆ ಆ ಗೌರವ ಸಂದಿತು. ಅದು ಬಂದು ಸೇರಿದ ದಾದರ್ ತುದಿಯಲ್ಲಿ, ಬಸ್ಸು ಕಾಯುವವರ ಕಣ್ಣಿಗೆ ಬೀಳುವ ಎತ್ತರದಲ್ಲಿ, ಆ ರಾತ್ರಿಯ ತಾರೀಖು ಬರೆದ ಒಂದು ಕಲ್ಲನ್ನಾದರೂ ನೆಡಬೇಕು.