ಜಗಳೂರಿನ ಬಿಸಿಲಿಗೆ ಎಷ್ಟು ಅಂಕ?

ಹೊನ್ನಾಳಿಯ ಮೊಬೈಲ್ ಅಂಗಡಿಗೆ ಹೋಗಿ ಹತ್ತು ಸಾವಿರದೊಳಗೆ ಒಂದು ಫೋನ್ ಬೇಕು ಎಂದರೆ ರ‍್ಯಾಮ್, ಬ್ಯಾಟರಿ, ಕ್ಯಾಮೆರಾದ ಎಂಪಿ ಎಲ್ಲವೂ ಒಂದೇ ಉಸಿರಿನಲ್ಲಿ ಕಿವಿಗೆ ಬೀಳುತ್ತವೆ. ಪ್ರೊಸೆಸರ್ ಯಾವುದು ಅಂದಿರೋ, ‘ಆಕ್ಟಾಕೋರ್ ಐತ್ರೀ’ ಎಂಬಲ್ಲಿಗೆ ಮಾತು ಮುಗಿಯಿತು. ಎಂಟು ಕೋರ್ ಇದ್ದ ಮೇಲೆ ನಾಲ್ಕು ಕೋರಿನದಕ್ಕಿಂತ ಎರಡು ಪಟ್ಟು ಜೋರಾಗಿ ಓಡಲೇಬೇಕು ಎಂಬುದು ಕೊಳ್ಳುವವರ ನಂಬಿಕೆ, ಮಾರುವವರದೂ ಅದೇ. ಯೂಟ್ಯೂಬ್ ನೋಡಿಕೊಂಡು ಬಂದ ಹುಡುಗರು ಮಾತ್ರ ‘ಅನ್‌ಟುಟು ಸ್ಕೋರ್ ಎಷ್ಟು ಬರ್ತೈತಿ’ ಎಂದು, ಫೋನಿಗೆ ಪರೀಕ್ಷೆ ಒಡ್ಡಿ ಅಂಕ ಕೊಡುವ ಆ್ಯಪ್‌ನ ಲೆಕ್ಕ ವಿಚಾರಿಸುತ್ತಾರೆ.

ಅಗ್ಗದ ಫೋನಿನ ಚಿಪ್ಪಿಗೆ ಅಗ್ಗ ಎಂಬುದು ಹುಟ್ಟುಗುಣ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಏಕಾರ್ನ್ ಎಂಬ ಸಣ್ಣ ಕಂಪನಿಯಲ್ಲಿ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಇಬ್ಬರೂ ಸೇರಿ ರೂಪಿಸಿದ, ಇಂದಿನ ಫೋನ್ ಚಿಪ್ಪುಗಳ ಮೂಲವಾದ ಮೊದಲ ಆರ್ಮ್ ಚಿಪ್ ಕೆಲಸ ಶುರು ಮಾಡಿದ್ದು 1985ರ ಏಪ್ರಿಲ್ 26ರಂದು. ಚಿಪ್ಪಿಗೆ ಸೆರಾಮಿಕ್ ಕವಚ ತೊಡಿಸುವಷ್ಟು ದುಡ್ಡು ಅವರ ಬಳಿ ಇರಲಿಲ್ಲ. ಪ್ಲಾಸ್ಟಿಕ್ ಕವಚ ಅಗ್ಗ, ಆದರೆ ಅದು ಹೆಚ್ಚು ಬಿಸಿ ತಾಳದು. ಹಾಗಾಗಿ ಒಂದು ವಾಟ್ ಮೀರಬಾರದು ಎಂದು ಹಟ ಹಿಡಿದು, ಸುಮಾರು 25 ಸಾವಿರ ಟ್ರಾನ್ಸಿಸ್ಟರುಗಳಲ್ಲೇ ಕೆಲಸ ಮುಗಿಸಿದರು. ಅದೆಷ್ಟು ಕಡಿಮೆ ವಿದ್ಯುತ್ ಕೇಳುತ್ತಿತ್ತೆಂದರೆ, ಅಳೆಯಲು ಕೂತ ಫರ್ಬರ್‌ಗೆ ಮೀಟರ್ ಸೊನ್ನೆ ತೋರಿಸಿತು. ನೋಡಿದರೆ ವಿದ್ಯುತ್ ಪೂರೈಕೆಯ ಸಂಪರ್ಕವೇ ಇರಲಿಲ್ಲ. ಅಕ್ಕಪಕ್ಕದ ಸಂಕೇತದ ತಂತಿಗಳಿಂದ ಸೋರಿ ಬರುತ್ತಿದ್ದ ವಿದ್ಯುತ್ತಿನಲ್ಲೇ ಚಿಪ್ ಓಡುತ್ತಿತ್ತು! ಕಾಸಿಲ್ಲದವರ ಜಾಣತನ ಜೇಬಿನ ಫೋನಿಗೆ ಹೇಳಿ ಮಾಡಿಸಿದಂತಾಗಿದ್ದು ಎಷ್ಟೋ ವರ್ಷಗಳ ನಂತರ.

ಆರ್ಮ್ ವಂಶದ ಇನ್ನೊಂದು ಚಿಪ್ 2001ರಲ್ಲಿ ಬೆಂಗಳೂರಿನಲ್ಲಿ ಕಾಣಿಸಿಕೊಂಡಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನವರು ಕೂಡಿ ಕಟ್ಟಿದ ಸಿಂಪ್ಯೂಟರ್ ಎಂಬ ಅಂಗೈಯಗಲದ ಕಂಪ್ಯೂಟರಿನೊಳಗೆ 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಇತ್ತು. ರ‍್ಯಾಮ್ 64 ಎಂಬಿ ದಾಟಿರಲಿಲ್ಲ; ಇವತ್ತು ವಾಟ್ಸ್‌ಆ್ಯಪ್‌ನಲ್ಲಿ ಬರುವ ಒಂದು ಮದುವೆ ವಿಡಿಯೊ ಅದಕ್ಕಿಂತ ದೊಡ್ಡದಿರುತ್ತದೆ. ಅಷ್ಟರಲ್ಲೇ ಕನ್ನಡದ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳಿಸಬೇಕೆಂದು ಅವರು ಹೊರಟಿದ್ದರು. ಅದಕ್ಕೆಂದೇ ಹುಟ್ಟಿದ ತಂತ್ರಾಂಶ ‘ಧ್ವನಿ’. 2004ರಲ್ಲಿ ಬಿಇಎಲ್ ‘ಅಮಿಡಾ’ ಹೆಸರಿನಲ್ಲಿ ಸಿಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಜಮೀನಿನ ದಾಖಲೆ ಕಲೆಹಾಕಲು ಕರ್ನಾಟಕ ಸರ್ಕಾರವೂ ಅದನ್ನು ಬಳಸಿತು. ಮಾರಾಟ ಮಾತ್ರ ಕೈ ಹಿಡಿಯಲಿಲ್ಲ. ಹಾಗೆಂದು ಸಿಂಪ್ಯೂಟರ್ ಸೋತಿತು ಎಂದು ಒಂದೇ ಮಾತಿನಲ್ಲಿ ಮುಗಿಸುವವರ ಜೊತೆ ನನಗೆ ತಕರಾರಿದೆ. ಚಿಪ್ಪಿನ ತಾಕತ್ತು ಇಷ್ಟೇ ಎಂದು ಮೊದಲೇ ಒಪ್ಪಿಕೊಂಡು ಅದರ ಅಳತೆಗೆ ತಂತ್ರಾಂಶ ಹೊಲಿದವರು ಅವರು. ಆಮೇಲೆ ಬಂದವರಲ್ಲಿ ಹಾಗೆ ಮಾಡಿದವರು ಕಡಿಮೆ.

ಆಮೇಲಿನದು ವೇಗದ ಕಥೆ. ತೈವಾನಿನ ಮೀಡಿಯಾಟೆಕ್ ಚಿಪ್ಪಿನ ಜೊತೆಗೆ ಇಡೀ ಫೋನಿನ ನಕ್ಷೆಯನ್ನೇ ಕೊಡಲು ಶುರು ಮಾಡಿದ ಮೇಲೆ ಮೈಕ್ರೋಮ್ಯಾಕ್ಸ್, ಕಾರ್ಬನ್ ಮುಂತಾದ ಹೆಸರುಗಳು ತಾಲ್ಲೂಕು ಕೇಂದ್ರದ ಅಂಗಡಿಗಳನ್ನು ತುಂಬಿದವು. 2014ರಲ್ಲಿ ಗೂಗಲ್‌ನ ಆ್ಯಂಡ್ರಾಯ್ಡ್ ಒನ್, 2016ರ ಸೆಪ್ಟೆಂಬರಿನಲ್ಲಿ ಜಿಯೋ. 2021ರ ದೀಪಾವಳಿಗೆ ಬಂದ ಜಿಯೋಫೋನ್ ನೆಕ್ಸ್ಟ್‌ನ ಬೆಲೆ 6,499 ರೂಪಾಯಿ, ಒಳಗಿದ್ದದ್ದು ಸ್ನ್ಯಾಪ್‌ಡ್ರಾಗನ್ 215. ಅದರ ನಾಲ್ಕೂ ಕೋರ್‌ಗಳು ಆರ್ಮ್ 2012ರಲ್ಲಿ ಘೋಷಿಸಿದ ಕಾರ್ಟೆಕ್ಸ್-ಎ53. ಒಂಬತ್ತು ವರ್ಷ ಹಳೆಯ ವಿನ್ಯಾಸ, 28 ನ್ಯಾನೊಮೀಟರಿನ ಹಳೆಯ ಅಚ್ಚು. ಹೊಸ ಫೋನು ಎಂದ ಮಾತ್ರಕ್ಕೆ ಹೊಸ ಚಿಪ್ ಅಲ್ಲ ಎಂಬುದು ಇಲ್ಲಿ ಕಣ್ಣಿಗೆ ರಾಚುತ್ತದೆ.

‘ಎಂಟು ಕೋರ್’ ಗುಟ್ಟೂ ಈ ಎ53ರಲ್ಲೇ ಇದೆ. ಅದು ಆದೇಶಗಳನ್ನು ಬಂದ ಸರದಿಯಲ್ಲೇ ಮುಗಿಸುವ ಜಾತಿ. ರೇಷನ್ ಅಂಗಡಿಯ ಸಾಲಿನಲ್ಲಿ ಮುಂದೆ ನಿಂತವರ ಹೆಬ್ಬೆಟ್ಟು ಹೊಂದಿಕೆಯಾಗದಿದ್ದರೆ ಹಿಂದಿನವರೆಲ್ಲ ಚೀಲ ಹಿಡಿದು ಕಾಯಬೇಕಲ್ಲ, ಥೇಟ್ ಹಾಗೆ. ಎ75ರಂತಹ ದೊಡ್ಡ ಕೋರ್ ‘ನೀವು ಸ್ವಲ್ಪ ಪಕ್ಕಕ್ಕೆ ನಿಲ್ಲಿ’ ಎಂದು ಹಿಂದಿನವರನ್ನು ಕರೆಯುತ್ತದೆ. 2020ರಲ್ಲಿ ಬಂದ ಮೀಡಿಯಾಟೆಕ್‌ನ ಎರಡು ಚಿಪ್ ನೋಡಿ. ಹೀಲಿಯೊ ಜಿ35ರಲ್ಲಿ ಎಂಟೂ ಎ53, ಗರಿಷ್ಠ ವೇಗ 2.3 ಗಿಗಾಹರ್ಟ್ಸ್. ಹೀಲಿಯೊ ಜಿ85ರಲ್ಲಿ ಎರಡೇ ಎ75, ಅದೂ 2 ಗಿಗಾಹರ್ಟ್ಸ್. ಉಳಿದ ಆರು ಚಿಕ್ಕ ಎ55. ಡಬ್ಬಿಯ ಮೇಲೆ ಎರಡೂ ಆಕ್ಟಾಕೋರ್, ಗಿಗಾಹರ್ಟ್ಸ್ ನೋಡಿದರೆ ಜಿ35ಯೇ ಮುಂದು. ವೇಗ ಅಳೆಯುವ ಗೀಕ್‌ಬೆಂಚ್ ಆ್ಯಪ್‌ನಲ್ಲಿ ಒಂಟಿ ಕೋರಿಗೆ ಬರುವ ಅಂಕ ಮಾತ್ರ ಜಿ85ರದ್ದು ಹೆಚ್ಚುಕಡಿಮೆ ಎರಡು ಪಟ್ಟು. ಆ್ಯಪ್ ತೆರೆಯುವುದು, ಪರದೆ ಸರಿಸುವುದು, ಫಾರಂ ತುಂಬುವುದು ಇವೆಲ್ಲ ಬಹುಪಾಲು ಒಂದೆರಡು ಕೋರುಗಳ ದುಡಿಮೆ. ಹಾಗಾಗಿ ಈ ಅಂಕವನ್ನು ನಂಬಬಹುದು.

ಎಲ್ಲ ಅಂಕವನ್ನೂ ಅಲ್ಲ. ಚಿಪ್ಪಿಗೆ ಪರೀಕ್ಷೆ ಒಡ್ಡುವ ಪದ್ಧತಿ ಹಳೆಯದು; ರೈನ್‌ಹೋಲ್ಡ್ ವೈಕರ್ 1984ರಲ್ಲಿ ಬರೆದ ‘ಡ್ರೈಸ್ಟೋನ್’ ಎಂಬ ಪುಟ್ಟ ಪ್ರೋಗ್ರಾಮಿನ ಅಂಕ ಹಿಡಿದು ದಶಕಗಟ್ಟಲೆ ಚಿಪ್ ಮಾರಿದರು. ಪರೀಕ್ಷೆ ಇದ್ದಲ್ಲಿ ಕಾಪಿ ಹೊಡೆಯುವವರೂ ಇರುತ್ತಾರೆ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4ರ ಗ್ರಾಫಿಕ್ಸ್ ಭಾಗ ಪರೀಕ್ಷೆಯ ಆ್ಯಪ್ ಕಂಡಾಗ ಮಾತ್ರ 533 ಮೆಗಾಹರ್ಟ್ಸ್‌ಗೆ ಏರುತ್ತದೆ, ಉಳಿದಂತೆ 480ರಲ್ಲೇ ಇರುತ್ತದೆ ಎಂಬುದನ್ನು 2013ರಲ್ಲಿ ಆನಂದ್‌ಟೆಕ್ ಜಾಲಪತ್ರಿಕೆ ಬಯಲಿಗೆಳೆಯಿತು. 2020ರಲ್ಲಿ ಮೀಡಿಯಾಟೆಕ್ ಚಿಪ್ಪಿನ ಫೋನುಗಳಲ್ಲೂ ಅಂಥದ್ದೇ ಏರ್ಪಾಡನ್ನು ಅದೇ ಪತ್ರಿಕೆ ಪತ್ತೆ ಮಾಡಿತು. ಇನ್ನು ಅನ್‌ಟುಟು ಅಂಕದಲ್ಲಿ ಗ್ರಾಫಿಕ್ಸ್‌ಗೂ ದೊಡ್ಡ ಪಾಲಿದೆ. ಗೇಮ್ ಆಡುವವರಿಗೆ ಅದು ಸರಿ. ಬೆಳೆ ಸಮೀಕ್ಷೆ ಮಾಡುವವರಿಗೆ?

ಸಮೀಕ್ಷೆಯ ಮಾತು ಸುಮ್ಮನೆ ಎತ್ತಲಿಲ್ಲ. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಬೆಳೆಯ ವಿವರ ದಾಖಲಿಸಲೆಂದು ರಾಜ್ಯ ಸರ್ಕಾರ ಆ್ಯಪ್ ತಂದಿತು. ಸರ್ವೆ ನಂಬರಿನ ನಕ್ಷೆ ಇಳಿಸಿಕೊಂಡು, ಹೊಲದಲ್ಲೇ ನಿಂತು, ಜಿಪಿಎಸ್ ಕೂಡಿದ ಮೇಲೆ ಫೋಟೊ ತೆಗೆಯಬೇಕು. ಅಗ್ಗದ ಫೋನಿನ ನಿಜವಾದ ಪರೀಕ್ಷಾ ಕೇಂದ್ರ ಇದು. ಚನ್ನಗಿರಿಯ ದಟ್ಟ ಅಡಿಕೆ ತೋಟದೊಳಗೆ ಆಕಾಶವೇ ಸರಿಯಾಗಿ ಕಾಣುವುದಿಲ್ಲ, ಉಪಗ್ರಹದ ಸಂಕೇತ ಸೋಗೆಗಳ ನಡುವೆ ಅಡ್ಡಾದಿಡ್ಡಿಯಾಗುತ್ತದೆ. ನಕ್ಷೆಯ ಮೇಲಿನ ನೀಲಿ ಚುಕ್ಕೆ ಪಕ್ಕದವರ ತೋಟಕ್ಕೆ ಹಾರಿ ಮತ್ತೆ ವಾಪಸು ಬರುತ್ತದೆ. ಫೋನಿನ ಜಿಪಿಎಸ್ ಸಾಮಾನ್ಯವಾಗಿ ಮುಖ್ಯ ಚಿಪ್ಪಿಗೇ ಸೇರಿದ ಭಾಗ, ಆದರೆ ಅದರ ಗುಣಕ್ಕೆ ಅನ್‌ಟುಟುವಿನಲ್ಲಿ ಅಂಕವಿಲ್ಲ.

ಜಗಳೂರಿನದು ಇದಕ್ಕೆ ತದ್ವಿರುದ್ಧ. ಮಳೆ ಕಡಿಮೆಯ, ನೆರಳೂ ಕಡಿಮೆಯ ಬಯಲು. ಬೇಸಿಗೆಯಲ್ಲಿ ಉದ್ಯೋಗ ಖಾತರಿ ಕಾಮಗಾರಿ ನಡೆಯುವುದು ಇಂಥಲ್ಲಿಯೇ. 2023ರ ಜನವರಿ 1ರಿಂದ ಕೂಲಿಕಾರರ ಹಾಜರಿಯನ್ನು ಆ್ಯಪ್‌ನಲ್ಲಿ, ದಿನಕ್ಕೆ ಎರಡು ಬಾರಿ, ಸ್ಥಳದ ಗುರುತಿರುವ ಫೋಟೊ ಸಮೇತ ಹಾಕುವುದು ಕಡ್ಡಾಯವಾಯಿತು. ಅದು ಕೂಲಿಕಾರರ ತಂಡ ನೋಡಿಕೊಳ್ಳುವ ಕಾಯಕ ಬಂಧುವಿನ ಕೆಲಸ. ಪರದೆ ಕಾಣಬೇಕೆಂದರೆ ಬೆಳಕನ್ನು ಪೂರ್ತಿ ಏರಿಸಬೇಕು. ಕ್ಯಾಮೆರಾ, ಜಿಪಿಎಸ್, ಡೇಟಾ ಮೂರೂ ಏಕಕಾಲಕ್ಕೆ ಓಡಬೇಕು, ಮೇಲಿಂದ ಬಿಸಿಲು ಬೇರೆ. ಚಿಪ್ಪಿನೊಳಗಿನ ಉಷ್ಣಮಾಪಕ ಮಿತಿ ದಾಟಿತೆಂದು ಹೇಳಿದ ಕೂಡಲೇ ಕೋರುಗಳ ವೇಗ ತಾನಾಗಿ ಇಳಿಯುತ್ತದೆ, ಪರದೆ ಮಂಕಾಗುತ್ತದೆ, ಬಟನ್ ಒತ್ತಿ ಎಷ್ಟೋ ಹೊತ್ತಿನ ಮೇಲೆ ಫೋಟೊ ಬೀಳುತ್ತದೆ. ಫ್ಯಾನಿನಡಿ ಕೂತು ಹತ್ತು ನಿಮಿಷ ಓಡಿಸಿದ ಪರೀಕ್ಷೆಯಲ್ಲಿ ಇದಾವುದೂ ಕಾಣುವುದಿಲ್ಲ.

ಇನ್ನೊಂದು ಕಾಟ ಎಲ್ಲ ತಾಲ್ಲೂಕಿಗೂ ಸಮಾನ. ಹೊನ್ನಾಳಿಯಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ನ್ಯಾಮತಿಯ ಮೆಕ್ಕೆಜೋಳದ ಹೊಲದಲ್ಲೂ ಅಷ್ಟೆ. ಅರ್ಧ ಫಾರಂ ತುಂಬಿ ಕ್ಯಾಮೆರಾ ತೆರೆದಿರುತ್ತೀರಿ. ಎರಡು ಜಿಬಿ ರ‍್ಯಾಮಿನಲ್ಲಿ ಎರಡಕ್ಕೂ ಜಾಗ ಸಾಲದೆ ಆ್ಯಂಡ್ರಾಯ್ಡ್ ಹಿಂದಿನ ಆ್ಯಪನ್ನು ಕೊಂದುಹಾಕುತ್ತದೆ. ಫೋಟೊ ತೆಗೆದು ವಾಪಸಾದರೆ ಮತ್ತೆ ಮೊದಲ ಪುಟ, ಮತ್ತೆ ಒಟಿಪಿ. ‘ಫೋನ್ ಹ್ಯಾಂಗ್ ಆಗೈತಿ’ ಎಂದು ಪ್ರೊಸೆಸರನ್ನು ಬೈಯುತ್ತೇವೆ, ಪಾಪ, ಅದರದ್ದೇನೂ ತಪ್ಪಿರುವುದಿಲ್ಲ. ತುಂಬಿದ ಫಾರಂ ಉಳಿಸಿಡುವಂತೆ ನಾಲ್ಕು ಸಾಲು ಬರೆಯಬೇಕಿದ್ದವರು ಆ್ಯಪ್ ಮಾಡಿದವರು. ದುಬಾರಿ ಫೋನ್ ಹಿಡಿದು ಪರೀಕ್ಷಿಸಿದರೆ ಆ ಕೊರತೆ ಅವರ ಗಮನಕ್ಕೆ ಬರುವುದಾದರೂ ಹೇಗೆ? 64 ಎಂಬಿಯಲ್ಲಿ ಸಂಸಾರ ಮಾಡಿದ ಸಿಂಪ್ಯೂಟರಿನವರು ಇಂಥ ದುಂದಿಗೆ ಅವಕಾಶ ಕೊಡುತ್ತಿರಲಿಲ್ಲ.

ಹೊರೆಯಂತೂ ಏರುತ್ತಲೇ ಇದೆ. ಅಂಗನವಾಡಿಗಳ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ 2025ರ ಜುಲೈನಿಂದ ಮನೆಗೆ ಪಡಿತರ ಕೊಡುವಾಗ ಮುಖ ಗುರುತಿಸುವುದೂ ಸೇರಿಕೊಂಡಿತು. ಈಗ ಫೋನ್ ಕೊಳ್ಳುವವರು ಎಂಟು ಎ53 ಇರುವುದನ್ನು ಬಿಟ್ಟು, ಕನಿಷ್ಠ ಎರಡು ದೊಡ್ಡ ಕೋರು, ನಾಲ್ಕು ಜಿಬಿಗೆ ಕಡಿಮೆಯಿಲ್ಲದ ರ‍್ಯಾಮ್ ಇರುವುದನ್ನು ಕೇಳಿ ತೆಗೆದುಕೊಳ್ಳುವುದು ಲೇಸು. ಅಂಗಡಿಯವರು ಒಪ್ಪಿದರೆ ಡೆಮೊ ಫೋನನ್ನು ಹೊರಗಿನ ಬಿಸಿಲಿಗೆ ತಂದು, ಮ್ಯಾಪ್ ತೆರೆದು, ಕಾಲು ಗಂಟೆ ವಿಡಿಯೊ ತೆಗೆದು, ಮತ್ತೆ ಮ್ಯಾಪ್‌ಗೆ ಹೋಗಿ ನೋಡಿ.