ಅಪ್ರಿಯ ಸತ್ಯವನ್ನು ಆಲಿಸುವ ಶಿಸ್ತು: ಅಬ್ಬೆ ದ್ಯುಬುವಾ ಅವರ ಪತ್ರಗಳ ಹಿನ್ನೆಲೆಯಲ್ಲಿ

ಬೋಧಿಸುವುದೇ ಕರೆಯಾಗಿರುವವರಿಗೆ ಆಲಿಸುವುದು ಕಷ್ಟದ ಶಿಸ್ತು. ಬೋಧನಾ ಪೀಠದಿಂದ ಆಡಿದ ಮಾತಿಗೆ ಅಲ್ಲಿಯೇ ಎದುರುತ್ತರ ಬರುವುದಿಲ್ಲ. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಕೈಮುಗಿಯುವವರು ಪ್ರಸಂಗ ಚೆನ್ನಾಗಿತ್ತೆಂದೇ ಹೇಳಿ ಹೋಗುತ್ತಾರೆ. ವರ್ಷಗಳು ಕಳೆದಂತೆ ಸಭೆಯ ಮೌನವನ್ನೇ ಸಮ್ಮತಿಯೆಂದು ಭಾವಿಸುವ ಅಪಾಯ ಪ್ರತಿಯೊಬ್ಬ ಗುರುವಿಗೂ ಉಂಟು.

ಪವಿತ್ರ ಗ್ರಂಥವು ಈ ಅಪಾಯವನ್ನು ಚೆನ್ನಾಗಿ ಬಲ್ಲದು. ಅರಸನಾದ ಅಹಾಬನ ಸುತ್ತ ಸುಮಾರು ನಾನೂರು ಪ್ರವಾದಿಗಳು ಏಕಕಂಠದಿಂದ ಜಯವನ್ನು ಸಾರಿದರು. ಮೀಕಾಯನೊಬ್ಬನೇ ಸೋಲನ್ನು ಮುನ್ನುಡಿದನು (1 ಅರಸು 22). ಅವನನ್ನು ಸೆರೆಗೆ ತಳ್ಳಿಸಿದ ಅಹಾಬನು ಬಳಿಕ ವೇಷ ಮರೆಸಿಕೊಂಡು ಯುದ್ಧಕ್ಕಿಳಿದನು. ಬಾಯಿ ನಿರಾಕರಿಸಿದ ಸತ್ಯವನ್ನು ಅವನ ಅಂತರಂಗ ಆಗಲೇ ನಂಬಿತ್ತು. ಅಪ್ರಿಯ ಸತ್ಯದ ಮುಂದೆ ಕೆರಳುವವನು ಅನೇಕ ವೇಳೆ ಅದನ್ನು ಅರಿಯದವನಲ್ಲ, ಅರಿತೂ ಒಪ್ಪಲಾರದವನು.

ಈ ಮಾತಿಗೆ ನಮ್ಮ ಮೈಸೂರು ಸೀಮೆಯ ಸಭಾಚರಿತ್ರೆಯಲ್ಲಿಯೇ ಒಂದು ನಿದರ್ಶನವುಂಟು. ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಸ್ಥೆಗೆ ಸೇರಿದ ಅಬ್ಬೆ ದ್ಯುಬುವಾ 1799ರಲ್ಲಿ ಶ್ರೀರಂಗಪಟ್ಟಣದ ಪತನದ ಬಳಿಕ ಇಲ್ಲಿಗೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಿದರು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸುವ ಕಾರ್ಯಕ್ಕೂ ನೆರವಾದರು. ಜನರಂತೆಯೇ ಉಟ್ಟು, ಉಂಡು, ಬಾಳಿದ ಅವರು 1823ರಲ್ಲಿ ಭಾರತವನ್ನು ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತಧರ್ಮದ ಸ್ಥಿತಿಗತಿ ಕುರಿತ ಅವರ ಪತ್ರಗಳು ಪ್ರಕಟವಾದವು.

ಆ ಪತ್ರಗಳಲ್ಲಿ ಅವರು ತಮ್ಮ ಸ್ವಂತ ಸೇವೆಯ ಲೆಕ್ಕವನ್ನೇ ಒಪ್ಪಿಸಿದರು. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ, ಸ್ಥಳೀಯ ಸಹಾಯಕರೊಬ್ಬರ ನೆರವಿನಿಂದ, ದೀಕ್ಷಾಸ್ನಾನ ಪಡೆದವರು ಇನ್ನೂರು ಮುನ್ನೂರು ಮಂದಿ ಮಾತ್ರ. ಅವರಲ್ಲಿಯೂ ಹಲವರು ಲೌಕಿಕ ಕಾರಣಗಳಿಂದ ಬಂದವರು ಎಂದು ಬರೆದರು. ಆಗಿನ ದೇಶಭಾಷೆಗಳ ಸತ್ಯವೇದ ಅನುವಾದಗಳ ಶೈಲಿ ಓದುಗರ ಗೌರವಕ್ಕೆ ತಕ್ಕುದಲ್ಲವೆಂದರು. ಕೊನೆಗೆ, ಹಿಂದೂಗಳಲ್ಲಿ ಸುವಾರ್ತೆ ಬೇರೂರುವುದು ಮನುಷ್ಯ ಪ್ರಯತ್ನದಿಂದ ಅಸಾಧ್ಯವೆಂಬ ತೀರ್ಮಾನಕ್ಕೆ ಬಂದರು.

ಉತ್ತರಗಳು ಬೇಗನೆ ಬಂದವು. 1824ರಲ್ಲಿಯೇ ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್‌ಲಿ ಖಂಡನಗ್ರಂಥಗಳನ್ನು ಪ್ರಕಟಿಸಿದರು. ಖಂಡಿಸುವುದು ಅವರ ಹಕ್ಕಾಗಿತ್ತು. ಆದರೆ ನಾವು ಕೇಳಬೇಕಾದ ಪ್ರಶ್ನೆ ಬೇರೆ: ಇಂಥ ಟೀಕೆಯಲ್ಲಿ ಎಷ್ಟನ್ನು ಸ್ವೀಕರಿಸಬೇಕು, ಎಷ್ಟನ್ನು ಬಿಡಬೇಕು?

ಮೊದಲನೆಯದಾಗಿ, ಕಂಡದ್ದನ್ನೂ ಊಹಿಸಿದ್ದನ್ನೂ ಬೇರ್ಪಡಿಸಬೇಕು. ದ್ಯುಬುವಾ ಕೊಟ್ಟ ಸಂಖ್ಯೆ ಅವರು ಕಂಡದ್ದು. ಅಸಾಧ್ಯವೆಂಬ ತೀರ್ಮಾನ ಅವರ ಊಹೆ. ಆ ಊಹೆಯನ್ನು ಅನಂತರದ ಚರಿತ್ರೆ ಸಮರ್ಥಿಸಲಿಲ್ಲ. ಮೈಸೂರಿನ ಸಭೆ ಅಳಿಯದೆ ಬೆಳೆದು, 1850ರಲ್ಲಿ ಪ್ರತ್ಯೇಕ ಪ್ರೇಷಿತ ವಿಕಾರಿಯೇಟ್ ಆಯಿತು. ಆದರೆ ತೀರ್ಮಾನ ತಪ್ಪಿತೆಂದು ಕಂಡ ಸಂಗತಿ ಸುಳ್ಳಾಗದು. ಅನುವಾದದ ವಿಷಯವನ್ನೇ ನೋಡಿ: ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಆರಂಭಿಸಿದ ಕನ್ನಡ ಸತ್ಯವೇದದ ಅನುವಾದವನ್ನು ಮುಂದಿನ ತಲೆಮಾರಿನ ಮಿಷನರಿಗಳೇ ಪರಿಷ್ಕರಿಸಿದರು. ಪರಿಷ್ಕರಣೆಗೆ ಒಪ್ಪುವುದೆಂದರೆ ಮೊದಲಿನ ಕೃತಿಯಲ್ಲಿ ಕೊರತೆಯಿತ್ತೆಂದು ಒಪ್ಪುವುದೇ ಆಗಿದೆ.

ಎರಡನೆಯದಾಗಿ, ಸತ್ಯ ಹೇಳಿದವನನ್ನು ಹೊರಹಾಕಬಾರದು. ಮಿಷನ್ ಕಾರ್ಯದ ಬಗ್ಗೆ ಇಷ್ಟು ನಿರಾಶೆಯಿಂದ ಬರೆದ ದ್ಯುಬುವಾ ಅವರನ್ನು ಅವರ ಸಂಸ್ಥೆ ದೂರ ಮಾಡಲಿಲ್ಲ. ಪ್ಯಾರಿಸ್ಸಿನ ತನ್ನ ಸೆಮಿನರಿಯಲ್ಲಿ ಸ್ಥಾನ ಕೊಟ್ಟಿತು, ಮುಂದೆ ಮುಖ್ಯಸ್ಥರನ್ನಾಗಿಯೂ ಮಾಡಿತು. ಅಂತಿಯೋಕ್ಯದಲ್ಲಿ ಪೌಲನು ಪೇತ್ರನನ್ನು ಎಲ್ಲರ ಮುಂದೆ ಖಂಡಿಸಿದ್ದನ್ನು ಗಲಾತ್ಯದವರಿಗೆ ಬರೆದ ಪತ್ರ ಹೇಳುತ್ತದೆ. ಪೇತ್ರನ ಹೆಸರಿನ ಎರಡನೆಯ ಪತ್ರ ಅದೇ ಪೌಲನನ್ನು ಪ್ರಿಯ ಸಹೋದರನೆಂದು ಕರೆಯುತ್ತದೆ.

ಮೂರನೆಯದಾಗಿ, ನಾವು ಗೌರವಿಸುವವರ ಬಗ್ಗೆಯೂ ಸತ್ಯವನ್ನು ತಾಳಿಕೊಳ್ಳಬೇಕು. ಹಿಂದೂ ಆಚಾರ ವಿಚಾರಗಳ ಕುರಿತ ದ್ಯುಬುವಾ ಅವರ ಪ್ರಸಿದ್ಧ ಗ್ರಂಥದ ಬಹುಭಾಗ ಹದಿನೆಂಟನೆಯ ಶತಮಾನದ ಯೇಸುಸಭೆಯ ಗುರು ಕೊರ್ದೂ ಅವರ ಬರಹವನ್ನು ಆಧರಿಸಿದುದೆಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ಇದರಿಂದ ದ್ಯುಬುವಾ ಅವರ ಜನಸೇವೆ ಸುಳ್ಳಾಗುವುದಿಲ್ಲ. ಆ ಸೇವೆಯ ಹೆಸರಿನಲ್ಲಿ ಇದನ್ನು ಮರೆಮಾಚುವುದೂ ಸಲ್ಲದು.

ಇನ್ನು ನಮ್ಮ ಸೇವಾಕ್ಷೇತ್ರ. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಹೊಗೆಸೊಪ್ಪು ಮುಖ್ಯ ವಾಣಿಜ್ಯ ಬೆಳೆ. ಗಾವಡಗೆರೆಯಂಥ ಹೋಬಳಿಯಲ್ಲಿ ತಂಬಾಕಿನ ವಿರುದ್ಧ ಪ್ರಸಂಗ ಮಾಡುವುದು ಸುಲಭ. ಆದರೆ ಬ್ಯಾರನ್ ಕಟ್ಟಲು ಸಾಲ ಮಾಡಿದ ರೈತನೊಬ್ಬನು, ಈ ಸಾಲ ತೀರಿಸುವ ಬೇರೆ ಬೆಳೆ ಯಾವುದು ಸ್ವಾಮಿ ಎಂದು ಕೇಳಿದರೆ, ಅವನು ಎದುರಾಡುತ್ತಿಲ್ಲ. ಪ್ರಸಂಗಕ್ಕೆ ಇಲ್ಲದ ಅರ್ಧವನ್ನು ಕೂಡಿಸುತ್ತಿದ್ದಾನೆ. ಇಂಥ ಪ್ರಶ್ನೆ ನಮ್ಮ ಕಿವಿಗೆ ಬೀಳದಿದ್ದರೆ ಅದು ಇಲ್ಲವೆಂದಲ್ಲ. ಮಗನ ಶಾಲೆಗೂ ಮಗಳ ಮದುವೆಯ ಪತ್ರಕ್ಕೂ ಗುರುವನ್ನೇ ಆಶ್ರಯಿಸಿದವನು ಗುರುವಿನ ತಪ್ಪನ್ನು ಹೇಳಲು ಹೇಗೆ ಧೈರ್ಯ ಮಾಡಿಯಾನು?

ಆದ್ದರಿಂದ ಹೇಳುವವನ ಭಯವನ್ನು ನೀಗಿಸುವ ಹೊಣೆ ಕೇಳುವವನದು. ವರ್ಷಕ್ಕೊಮ್ಮೆಯಾದರೂ ಸಭೆಯ ಹಿರಿಯರನ್ನೂ ಸ್ತ್ರೀಯರನ್ನೂ ಯುವಜನರನ್ನೂ ಬೇರೆ ಬೇರೆಯಾಗಿ ಕೂರಿಸಿ, ನಮ್ಮ ಸೇವೆಯಲ್ಲಿ ಏನು ನೋವು ತಂದಿತೆಂದು ಕೇಳಬೇಕು. ಕೇಳಿದ ದಿನ ಸಮರ್ಥನೆ ಹೇಳದೆ ಬರೆದುಕೊಂಡು, ಪ್ರಾರ್ಥನೆಯಲ್ಲಿ ಶೋಧಿಸಿ, ಕೆಲ ದಿನಗಳ ಬಳಿಕ ಉತ್ತರ ಕೊಡಬೇಕು. ಅದರಲ್ಲಿ ಯಾವುದನ್ನು ತಿದ್ದಿಕೊಂಡೆವೆಂಬುದನ್ನು ಸಭೆಗೆ ತಿಳಿಸಬೇಕು. ಪಶ್ಚಾತ್ತಾಪವನ್ನು ಸಾರುವವರು ಅದನ್ನು ಅಭ್ಯಾಸ ಮಾಡುವುದನ್ನು ಸಭೆ ಕಾಣಬೇಕಾದುದು ಇಲ್ಲಿಯೇ.